ಗೊರಕೆ ನಿಂತ ಹೊತ್ತು

ಗಡಿಯಾರ ರಿಪೇರಿಯವನ ಬಲಗಣ್ಣು ಕೆಟ್ಟದ್ದು ಸೋಮವಾರ ಬೆಳಿಗ್ಗೆ. ಅದು ಅವನಿಗೆ ತಿಳಿದದ್ದು ಗುರುವಾರ. ಮೂವತ್ತು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡ ಕಣ್ಣದು. ಕೆಳಗಿನ ಅರ್ಧ ಮಸುಕಾದಾಗ ಅವನು ಕಣ್ಣನ್ನು ಶಂಕಿಸಲಿಲ್ಲ, ಗಾಜನ್ನು ಶಂಕಿಸಿದ. ಮೂರು ದಿನ ಒರೆಸಿದ. ನಾಲ್ಕನೆಯ ದಿನ ಹೊಸ ಗಾಜು ಕೊಂಡ. ಅದರಲ್ಲೂ ಆರರ ಅಂಕಿ ಕಾಣದಾದಾಗ ಹೆಂಡತಿಯೊಂದಿಗೆ ಕಣ್ಣಿನ ಡಾಕ್ಟರ ಬಳಿ ಹೋದ.

ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ರಕ್ತ ಸಾಲದೆ ಕಣ್ಣಿನ ನರ ಊದಿಕೊಂಡಿದೆ ಎಂದರು. ಅವನ ದಪ್ಪ ಕುತ್ತಿಗೆ ಗಮನಿಸಿ ಹೆಂಡತಿಯ ಕಡೆ ತಿರುಗಿದರು.

"ಗೊರಕೆ ಹೊಡೀತಾರಾ?"

"ಹೊಡೀತಾರಾ ಅಂತೀರಲ್ಲಮ್ಮಾ! ಪಕ್ಕದ ಮನೆಯವರು ಮಗುನ ಹೆದರಿಸಿ ಮಲಗಿಸೋದೇ ಇವರ ಗೊರಕೆ ಕೇಳಿಸಿ."

"ಮಧ್ಯೆ ಮಧ್ಯೆ ನಿಲ್ಲುತ್ತಾ?"

"ದೇವರು ದೊಡ್ಡೋನು, ನಿಲ್ಲುತ್ತೆ. ಆಗ ಅವನಿಗೊಂದು ಕೈ ಮುಗಿದು ನಾನೂ ನಿದ್ದೆ ಮಾಡಿಬಿಡ್ತೀನಿ."

ಗಂಡನೂ ನಕ್ಕ. ಡಾಕ್ಟರಮ್ಮ ನಗಲಿಲ್ಲ. "ನಿಲ್ಲೋದು ಬರೀ ಗೊರಕೆ ಅಲ್ಲಮ್ಮಾ, ಉಸಿರು," ಎಂದರು. ಉಸಿರು ಕಟ್ಟಿದಾಗಲೆಲ್ಲ ನರ ಹಸಿದಿರಬಹುದು. ಅದೊಂದೇ ಕಾರಣ ಎನ್ನಲಾಗದು. ಹೋದ ನೋಟ ಹೆಚ್ಚುಕಡಿಮೆ ಹೋದಂತೆಯೇ. ಎಡಗಣ್ಣೂ ಅದೇ ದಾರಿ ಹಿಡಿಯಬಾರದೆಂದರೆ ನಿದ್ದೆಯ ಪರೀಕ್ಷೆ ಆಗಬೇಕು, ಮೂಗಿಗೆ ಗಾಳಿ ಊದುವ ಯಂತ್ರವೂ ಬೇಕಾದೀತು.

ಇಬ್ಬರೂ ಮನೆ ಮುಟ್ಟಿದರು. ಚಪ್ಪಲಿ ಬಿಡುತ್ತ ಅವನು ಕೇಳಿದ: "ಎಷ್ಟು ವರ್ಷದಿಂದ?"

"ಏನ್ರೀ?"

"ನನ್ನ ಉಸಿರು ನಿಂತಾಗೆಲ್ಲ ದೇವರಿಗೆ ಕೈ ಮುಗೀತಿದ್ದದ್ದು."

"ಗೊತ್ತಿದ್ದಿದ್ರೆ ಎಬ್ಬಿಸ್ತಿರಲಿಲ್ವಾ? ನಂಗೇನು ಕನಸು ಬಿದ್ದಿತ್ತಾ?"

ಕಣ್ಣು ಹೋದದ್ದು ಯಾತರಿಂದ ಎಂದು ಬಲ್ಲವನು ಮೇಲಿನವನೊಬ್ಬನೇ. ಆದರೂ ದುಃಖಕ್ಕೆ ಇಳಿದುಕೊಳ್ಳಲು ಒಂದು ಮನೆ ಬೇಕು. ಅದು ಹತ್ತಿರದವರ ಮನೆಯನ್ನೇ ಹುಡುಕುತ್ತದೆ.

ಪರೀಕ್ಷೆ ಆಯಿತು, ಯಂತ್ರ ಬಂತು. "ಈ ಆನೆ ಸೊಂಡಿಲು ನನಗೆ ಬೇಡ" ಎಂದು ಹತ್ತು ದಿನ ಅದನ್ನು ಮೂಲೆಗಿಟ್ಟ. ಅಂಗಡಿಯಲ್ಲಿ ಎಡಗಣ್ಣಿಗೆ ಗಾಜು ಹೊಂದಿಸಿ ಕೆಲಸ ಕಲಿಯತೊಡಗಿದ. ಬಲಗಣ್ಣಿನ ಮಾತು ಕೇಳಿ ಪಳಗಿದ ಕೈ ಎಡದ್ದಕ್ಕೆ ಮಣಿಯಲಿಲ್ಲ. ಶನಿವಾರ ಎಳ್ಳಿಗಿಂತ ಸಣ್ಣ ತಿರುಪೊಂದು ಚಿಮಟದಿಂದ ಹಾರಿತು. ಮಂಡಿಯೂರಿ ನೆಲ ಸವರುವಾಗ, ಉಳಿದೊಂದು ಕಣ್ಣೂ ಆರಿದರೆ ತನ್ನ ಬಾಳು ಹೀಗೇ ಎಂದು ಅವನಿಗೆ ಅರಿವಾಯಿತು.

ಭಾನುವಾರ ಊಟವಾದ ಮೇಲೆ ಹಾಸಿಗೆಯಲ್ಲಿ ಕುಳಿತು, "ತಾ ಅದನ್ನ" ಎಂದ. ಅವಳು ಮೂಗಿಗೆ ಮುಚ್ಚಳವಿಟ್ಟು ಪಟ್ಟಿ ಬಿಗಿದಳು, ಗುಂಡಿ ಒತ್ತಿದಳು, ಅಂಚಿನಲ್ಲಿ ಕುಳಿತಳು.

"ನೀನ್ಯಾಕೆ ಕೂತೆ?"

"ನೋಡ್ಕೋತೀನಿ ರೀ. ಇನ್ಮೇಲೆ ಎಚ್ಚರವಾಗೇ ಇರ್ತೀನಿ."

ಮೂಗಿನ ಮುಚ್ಚಳದ ಅಡಿಯಿಂದ ದನಿ ತಣ್ಣಗೆ ಬಂತು: "ಕಾಯೋಕೆ ಯಂತ್ರ ಇದೆ. ನೀನು ಆ ಕೋಣೇಲಿ ಮಲಗು."

ಅವಳು ತನ್ನ ದಿಂಬು ಎತ್ತಿಕೊಂಡು ಹೋದಳು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿ ಆ ಮನೆಯಲ್ಲಿ ಗೊರಕೆ ಇರಲಿಲ್ಲ. ಅವಳಿಗೆ ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ.