ಚಿಪ್ಪಿನೊಳಗಿನ ಹೆಸರು

ಕಾಗದವನ್ನು ಅದರ ಎಳೆ ಓಡಿದ ದಿಕ್ಕಿನಲ್ಲೇ ಮಡಿಸಬೇಕು. ಅಡ್ಡಕ್ಕೆ ಮಡಿಸಿದರೆ ನೆರಿಗೆಯ ಏಣು ಬಿರಿದು ಒಳಗಿನ ಬಿಳುಪು ಕಾಣುತ್ತದೆ. ಅಲ್ಮಾಟಿಯ ಮುದ್ರಣಾಲಯವೊಂದರಲ್ಲಿ ಕಾಗದ ಕತ್ತರಿಸುವ ಯಂತ್ರದ ಮುಂದೆ ಕೆಲಸ ಮಾಡುವ ಅಕ್ಮರಾಲ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸಿಗೆಯುದ್ದಕ್ಕೂ ಅವಳು ಅಲ್ಲಿ ಉಳಿದ ದಪ್ಪ ಕಾಗದದ ತುಂಡುಗಳನ್ನು ಕೇಳಿ ಪಡೆದು, ಮನೆಗೆ ತಂದು, ಮುತ್ತಿನ ಚಿಪ್ಪಿನ ಆಕಾರದ ಪುಟ್ಟ ಡಬ್ಬಿಗಳನ್ನು ಮಾಡಿದಳು. ರೀಫಿಲ್ ಮುಗಿದ ಪೆನ್ನಿನಿಂದ ಬೀಸಣಿಗೆಯಂತೆ ಗೀರು ಎಳೆದು, ನೆರಿಗೆ ಹಿಡಿದು, ಅಂಚನ್ನು ಅಲೆಯಲೆಯಾಗಿ ಕತ್ತರಿಸಿ, ಎರಡು ಹೋಳುಗಳನ್ನು ಬುಡದಲ್ಲಿ ಬಟ್ಟೆಯ ಪಟ್ಟಿಯಿಂದ ಜೋಡಿಸಿದರೆ ಚಿಪ್ಪು ನಿಜವಾದದ್ದರ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು.

ಆಗಸ್ಟ್ ಕೊನೆಗೆ ಇಂಝುವಿನ ಹುಟ್ಟುಹಬ್ಬ. ಈ ಸಲದ್ದು ಸಮುದ್ರದ ಹುಟ್ಟುಹಬ್ಬ ಆಗಬೇಕು ಎಂದು ಹುಡುಗಿ ಫೋನಿನಲ್ಲಿ ಹೇಳಿದ್ದಳು. ಅವಳಿರುವ ಝಾರ್ಕೆಂಟ್‌ನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗುವುದಿಲ್ಲ. ಮೆಕ್ಕೆಜೋಳದ ಹೊಲ ಸಿಗುತ್ತದೆ, ಆಮೇಲೆ ಚೀನಾ ಗಡಿ ಸಿಗುತ್ತದೆ.

"ಬಂದ ಮಕ್ಕಳು ಮನೆಗೆ ಏನಾದ್ರೂ ತಗೊಂಡು ಹೋಗ್ಬೇಕು, ಅತ್ತಿಗೆ. ಅಂಗಡೀದು ಬೇಡ. ನೀವೇ ಮಾಡಿ."

ಇಂಝುವನ್ನು ಹೆತ್ತವಳು ಅಕ್ಮರಾಲ್. ಚೊಚ್ಚಲ ಮಗುವನ್ನು ಗಂಡನ ತಂದೆತಾಯಿ ಮಡಿಲಿಗೆ ಹಾಕಿಕೊಂಡು ತಮ್ಮದೇ ಕೊನೆಯ ಕೂಸಿನಂತೆ ಸಾಕುವುದು ಕಝಾಕರಲ್ಲಿ ಹಿಂದಿನಿಂದ ಬಂದ ಪದ್ಧತಿ. ಹಾಗೆ ಹೋದ ಮಗು ಅಜ್ಜಿಯನ್ನು ಅಮ್ಮ ಎನ್ನುತ್ತದೆ, ಅಪ್ಪನನ್ನು ಅಣ್ಣ ಎನ್ನುತ್ತದೆ, ಹೆತ್ತವಳನ್ನು ಅತ್ತಿಗೆ ಎನ್ನುತ್ತದೆ. ಕೊಟ್ಟದ್ದನ್ನು ವಾಪಸು ಕೇಳುವ ರೂಢಿಯಿಲ್ಲ. ಆದರೆ ಆಸ್ಪತ್ರೆಯಿಂದ ತಂದ ಕೂಸನ್ನು ಕೋಟಿನೊಳಗೆ ಎದೆಗೊತ್ತಿಕೊಂಡ ದಿನವೇ ಮಾವ, "ಶಾಲೆಗೆ ಸೇರೋ ತನಕ ನಮ್ಮದು, ಆಮೇಲೆ ನಿಮ್ಮದು" ಎಂದಿದ್ದ. ಕೇಳಿಸಿಕೊಂಡವರಲ್ಲಿ ಅವನ ತಮ್ಮ ಮುಕಾಶನೂ ಒಬ್ಬ. ಮಾವ ಈಗಿಲ್ಲ. ಸೆಪ್ಟೆಂಬರ್ ಒಂದಕ್ಕೆ ಇಂಝು ಮೊದಲ ತರಗತಿ. ಅಲ್ಮಾಟಿಯಲ್ಲಿ ಮನೆಯೆದುರಿನ ಶಾಲೆಯಲ್ಲಿ ಅಕ್ಮರಾಲ್ ಜಾಗ ಹಿಡಿದಿಟ್ಟಿದ್ದಳು. ಇಂಝುವಿನ ನಂತರ ಅವಳಿಗೆ ಮತ್ತೆ ಮಕ್ಕಳಾಗಿರಲಿಲ್ಲ.

ಅತ್ತೆ ಕುಲ್ಪಾಶ್ ಹೌದು ಎಂದಿರಲಿಲ್ಲ, ಇಲ್ಲ ಎಂದೂ ಇರಲಿಲ್ಲ. "ಹಬ್ಬಕ್ಕೆ ಬನ್ನಿ. ನಮ್ಮ ಮಿರ್ಝಾ ಬರ್ತಾನೆ. ದೊಡ್ಡವರ ಮುಂದೆ ಮಾತಾಡೋಣ" ಎಂದಿದ್ದಳು. ಮಿರ್ಝಾ ಎಂದರೆ ಮುಕಾಶನೇ. ಅವನು ಕುಲ್ಪಾಶಳಿಗೆ ಮೈದುನ. ಸೊಸೆಯಾಗಿ ಬಂದವಳು ಗಂಡನ ಕಡೆಯವರ ಹೆಸರನ್ನು, ಅದು ಎಷ್ಟೇ ಚಿಕ್ಕ ಮಗುವಿನದಾಗಿರಲಿ, ಬಾಯಿಂದ ಹೇಳುವಂತಿಲ್ಲ. ತಾನೇ ಒಂದು ಅಡ್ಡಹೆಸರು ಇಟ್ಟುಕೊಂಡು ಕರೆಯಬೇಕು. ಪಟ್ಟಣದ ಎಷ್ಟೋ ಮನೆಗಳಲ್ಲಿ ಇದು ಬಿಟ್ಟುಹೋಗಿದೆ. ಈ ಮನೆಯಲ್ಲಿ ಬಿಟ್ಟುಹೋಗಿರಲಿಲ್ಲ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಕ್ಮರಾಲ್ ಗಂಡ ತಲ್ಗಾತ್ ಜೊತೆ ಬಂದಳು. ಅಂಗಳದಲ್ಲಿ ಜರ್ದಾಳು ಮರದ ಕೆಳಗಿನ ಕಟ್ಟೆಯ ಮೇಲೆ ಚಿಪ್ಪುಗಳನ್ನು ಹರಡಿ, ಬುಡದ ಪಟ್ಟಿ ಬಿಟ್ಟ ಒಂದೆರಡಕ್ಕೆ ಅಂಟು ಹಚ್ಚುತ್ತ ಕೂತಳು. ಕುಲ್ಪಾಶ್ ಒಂದು ಬೋಗುಣಿ ತುಂಬ ಕುರ್ತ್ ತಂದಿಟ್ಟಳು. ಮೊಸರನ್ನು ಹಿಂಡಿ, ಉಪ್ಪು ಹಾಕಿ, ಉಂಡೆ ಕಟ್ಟಿ ಒಣಗಿಸಿದ್ದು. ಈ ಸಲ ಬೆರಳ ತುದಿಯಷ್ಟೇ ಗಾತ್ರಕ್ಕೆ, ದುಂಡಗೆ, ಬೆಳ್ಳಗೆ ಕಟ್ಟಿದ್ದಳು. ಚಿಪ್ಪಿನೊಳಗೆ ಇಟ್ಟರೆ ಮುತ್ತೇ.

"ಇದಕ್ಕೆ ಏನಂತ ಕರೀತೀಯ, ಸೊಸೆ?" ಎಂದಳು ಕುಲ್ಪಾಶ್, ಒಂದು ಉಂಡೆ ಎತ್ತಿ ಹಿಡಿದು. ಅವಳ ಮುಖದಲ್ಲಿ ತಮಾಷೆ ಇತ್ತು.

ಇಂಝು ಎಂದರೆ ಮುತ್ತು. ಆ ಹೆಸರಿಟ್ಟವಳು ಅಕ್ಮರಾಲ್. ಮಗು ಅತ್ತೆಯದಾಗಿ, ತನಗೆ ನಾದಿನಿಯಾದ ದಿನದಿಂದ ಈ ಮನೆಯಲ್ಲಿ ಆ ಹೆಸರೂ ಅವಳ ಬಾಯಿಗಿಲ್ಲ, ಆ ಪದವೂ ಇಲ್ಲ.

"ಬಿಳಿ ಉಂಡೆ, ಅತ್ತೆ."

"ಭಲೆ. ಅಲ್ಮಾಟಿ ನೀರು ಕುಡಿದ್ರೂ ನಾಲಿಗೆ ಕೆಟ್ಟಿಲ್ಲ."

ಇಂಝು ಕಟ್ಟೆ ಹತ್ತಿ ಬಂದು ಚಿಪ್ಪಿಗೊಂದರಂತೆ ಕುರ್ತ್ ಇಡತೊಡಗಿದಳು. ಎರಡಕ್ಕೊಮ್ಮೆ ಒಂದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ಸಮುದ್ರದಲ್ಲಿ ಇರೋದು ಇದೇ ಉಪ್ಪಾ, ಅತ್ತಿಗೆ?"

"ಇದಕ್ಕಿಂತ ಜಾಸ್ತಿ."

"ನೀವು ನೋಡಿದ್ದೀರಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?" ಉತ್ತರಕ್ಕೆ ಕಾಯದೆ ಹುಡುಗಿ ಮುಂದುವರಿಸಿದಳು. "ನಾನು ನಿಮ್ಮ ಹೊಟ್ಟೇಲಿ ಬಂದೆ ಅಂತ ಗೊತ್ತು ನಂಗೆ. ಅಮ್ಮ ಹೇಳಿದ್ಳು. ಬಸ್ಸಲ್ಲಿ ಬಂದ ಹಾಗೆ ನಿಮ್ಮಲ್ಲಿ ಬಂದು, ಇಲ್ಲಿ ಇಳ್ಕೊಂಡೆ."

ತಲ್ಗಾತ್ ನಕ್ಕ. ಕುಲ್ಪಾಶಳೂ ನಕ್ಕಳು. ಅಕ್ಮರಾಲ್ ಒಂದು ಚಿಪ್ಪಿನ ಬುಡವನ್ನು ಅಂಟು ಹಿಡಿಯುವ ತನಕ ಒತ್ತಿ ಹಿಡಿದಳು. "ಟಿಕೆಟ್ ತಗೊಂಡಿರ್ಲಿಲ್ಲ ನೀನು" ಎಂದಳು. ಈಗ ಇಂಝು ನಕ್ಕಳು.

ಮರುದಿನ ಬೆಳಗ್ಗೆ ತಲ್ಗಾತ್ ಕಡಾಯಿ ಕೆಳಗೆ ಬೆಂಕಿ ಹಾಕುತ್ತಿದ್ದ. ಅಂಗಳಕ್ಕೆ ನೀಲಿ ಬಟ್ಟೆ ಕಟ್ಟಿ, ಬಾಗಿಲಿಗೆ ಕಾಗದದ ಮೀನುಗಳನ್ನು ತೂಗುಹಾಕಿದ್ದಾಗಿತ್ತು. ಕುಲ್ಪಾಶ್ ಒಂದು ಚಿಪ್ಪನ್ನು ಪೂರ್ತಿ ತೆರೆದು ಕಣ್ಣಿನ ಹತ್ತಿರ ಹಿಡಿದಳು. ಮುಚ್ಚಳದ ಒಳಮೈಯಲ್ಲಿ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: ಬಂದದ್ದಕ್ಕೆ ಸಂತೋಷ. ಇಂಝುವಿನಿಂದ.

ಕುಲ್ಪಾಶ್ ಇನ್ನೊಂದನ್ನು ತೆರೆದಳು. ಮತ್ತೊಂದನ್ನು ತೆರೆದಳು. ಎಲ್ಲದರಲ್ಲೂ ಅದೇ.

"ಇದು ಯಾರು ಬರೆದದ್ದು?"

"ನಾನು, ಅತ್ತೆ."

"ನಾನು ಈ ಮನೆಗೆ ಬಂದಾಗ ನನ್ನ ಮೈದುನ ಮೂಗು ಸುರಿಸ್ಕೊಂಡು ಓಡಾಡೋ ಹುಡುಗ. ಇವತ್ತಿಗೆ ಮೊಮ್ಮಕ್ಕಳ ತಾತ. ಒಂದ್ಸಲ ಅವನ ಹೆಸರು ನನ್ನ ಬಾಯಲ್ಲಿ ಕೇಳಿದ್ದೀಯಾ?"

"ಬಾಯಲ್ಲಿ ಹೇಳ್ಲಿಲ್ಲವಲ್ಲ, ಅತ್ತೆ. ಬರೆದೆ."

ಬಾಯಿಯ ನಿಯಮ ಕೈಗೂ ಉಂಟೆಂದು ಅಕ್ಮರಾಲ್‌ಗೆ ಹೊಳೆದಿರಲಿಲ್ಲ ಎನ್ನಲಾಗದು. ಹೊಳೆದಿತ್ತು. ಆದರೂ ಬರೆದಿದ್ದಳು. ಹೇಳಬಾರದ ಹೆಸರನ್ನು ಬೇಸಿಗೆಯುದ್ದಕ್ಕೂ ಒಂದೊಂದೇ ಚಿಪ್ಪಿನೊಳಗೆ ಬರೆಯುವುದು ಅವಳಿಗೆ ಹಿಡಿಸಿತ್ತು.

"ಬರೆದ್ರೆ ಇನ್ನೂ ಚೆನ್ನಾಯ್ತು. ಹೇಳಿದ್ದು ಗಾಳೀಲಿ ಹೋಗುತ್ತೆ, ಇದು ಊರವರ ಮನೆಮನೆಗೆ ಹೋಗುತ್ತೆ. ಕುಲ್ಪಾಶ್ ಸೊಸೆ ನಾದಿನಿ ಹೆಸರು ಬರೆದು ಹಂಚಿದ್ಳು ಅಂತಾರೆ." ಅವಳ ದನಿ ಏರಿರಲಿಲ್ಲ. "ಎರ್ಕೆಝಾನ್ ಅಂತ ಬರಿ. ಮುದ್ದಿನ ನಾದಿನಿಗೆ ಸೊಸೆಯಂದಿರು ಕರೆಯೋದೇ ಹಾಗೆ. ನಂಟರು ಬರೋಕೆ ಇನ್ನೂ ಹೊತ್ತಿದೆ."

ಅಕ್ಮರಾಲ್ ಗಂಡನ ಬಳಿ ಹೋದಳು. ಅವನು ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡೇ ಕೇಳಿಸಿಕೊಂಡ.

"ಬರೆದ್ಬಿಡು" ಎಂದ.

"ನಾದಿನಿ ಅಂತ ನನ್ನ ಕೈಯಾರೆ ಬರೀಲಾ?"

"ಮಧ್ಯಾಹ್ನ ಚಿಕ್ಕಪ್ಪ ಮಾತೆತ್ತುತ್ತಾನೆ. ಅಪ್ಪ ಹೇಳಿದ್ದು ಅವನಿಗೆ ನೆನಪಿದೆ, ನಾನು ಫೋನಲ್ಲಿ ಕೇಳಿದ್ದೀನಿ. ಬೆಳಗ್ಗೆಯೇ ಅಮ್ಮನ್ನ ಯಾಕೆ ಕೆಣಕ್ತೀಯ? ಇವತ್ತೊಂದು ದಿನ ಬಗ್ಗು. ನಾಳೆ ಮಗು ಕರ್ಕೊಂಡು ಹೋಗಿ ಏನು ಬೇಕಾದ್ರೂ ಕರಿ."

"ನೀನೂ ಒಂದು ಮಾತಾಡಬಹುದು."

"ನಾನು ಏನು ಮಾತಾಡ್ಲಿ? ನಾನು ಅವಳ ಅಣ್ಣ" ಎಂದು ಅವನು ಸೌದೆ ಮುಂದಕ್ಕೆ ತಳ್ಳಿದ. ಅದು ತಮಾಷೆಗೆ ಹೇಳಿದ್ದೋ ಅಲ್ಲವೋ ಅವನಿಗೇ ತಿಳಿದಂತಿರಲಿಲ್ಲ.

ಶಾಯಿ ಕಾಗದಕ್ಕೆ ಇಳಿದಿತ್ತು, ಕೆರೆದರೆ ಮೈ ಹರಿಯುತ್ತಿತ್ತು. ಹಾಗಾಗಿ ಅಕ್ಮರಾಲ್ ಸಣ್ಣ ಚೀಟಿಗಳನ್ನು ಕತ್ತರಿಸಿ, ಎರ್ಕೆಝಾನ್‌ಳಿಂದ ಎಂದು ಬರೆದು, ಹೆಸರಿನ ಮೇಲೆ ಅಂಟಿಸುತ್ತ ಹೋದಳು. ಕುರ್ತ್ ಹೊರಗೆ ತೆಗೆಯುವುದು, ಅಂಟಿಸುವುದು, ಒಣಗುವ ತನಕ ಕಾಯುವುದು, ಮತ್ತೆ ಒಳಗಿಡುವುದು. ಮೊದಮೊದಲು ಕೈ ನಿಧಾನವಾಗಿತ್ತು. ಆಮೇಲೆ ಎಂದಿನ ವೇಗ ಬಂತು. ಕುಲ್ಪಾಶ್ ಒಮ್ಮೆ ಬಂದು ನೋಡಿ, ಅವಳ ಬೆನ್ನ ಮೇಲೆ ಕೈಯಿಟ್ಟು, "ನಿನ್ನಂಥ ಸೊಸೆ ಈ ಬೀದೀಲಿ ಇಲ್ಲ" ಎಂದು ಹೋದಳು. ಅಕ್ಮರಾಲ್‌ಗೆ ಆಸೆ ಹುಟ್ಟಿತು. ಚೀಟಿಯ ಅಂಚು ಎದ್ದಿದ್ದ ಕೆಲವನ್ನು ಮತ್ತೊಮ್ಮೆ ಒತ್ತಿದಳು.

ಮಧ್ಯಾಹ್ನ ಮಕ್ಕಳು ನೀಲಿ ಬಟ್ಟೆಯ ಕೆಳಗೆ ತಿಮಿಂಗಿಲ ಆಗಿ ಆಡುತ್ತಿದ್ದರು. ದೊಡ್ಡವರು ಮರದ ಕೆಳಗೆ ಕೂತಿದ್ದರು. ಮುಕಾಶ್ ಮೇಲಿನ ಜಾಗದಲ್ಲಿ ಕೂತಿದ್ದ. ಬೇಯಿಸಿದ ಕುರಿತಲೆಯನ್ನು ರೂಢಿಯಂತೆ ಅವನ ಮುಂದಿಟ್ಟಿದ್ದರು. ಸೊಸೆಯಾದ ಅಕ್ಮರಾಲ್ ನೀರು ಕುದಿಯುತ್ತಿದ್ದ ಸಮೋವರ್ ಪಕ್ಕ ಕೂತು ಚಹಾ ಹಾಕುತ್ತಿದ್ದಳು. ಬಟ್ಟಲಿಗೆ ಅರ್ಧ ಮಾತ್ರ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗಿ ಎಂದ ಹಾಗೆ.

ಮುಕಾಶ್ ಕುರಿಯ ಕಿವಿ ಕೊಯ್ದು ಇಂಝುವನ್ನು ಕರೆದ. "ತಗೋ. ಇದನ್ನ ತಿಂದ ಮಗು ಹೇಳಿದ ಮಾತು ಕೇಳುತ್ತೆ. ಟೀಚರ್ ಮಾತೂ ಕೇಳ್ಬೇಕು, ತಿಳೀತಾ?"

"ನಮ್ಮ ಟೀಚರ್ ಪಕ್ಕದ ಬೀದೀಲೇ ಇರೋದು" ಎಂದಳು ಇಂಝು, ಕಿವಿ ಅಗಿಯುತ್ತ. "ನಂಗೆ ಕಿಟಕಿ ಪಕ್ಕ ಜಾಗ ಕೊಡ್ತಾರಂತೆ. ಅಮ್ಮ ಕೇಳಿದ್ದಾಳೆ."

ಹೇಳಿ ನೀಲಿ ಬಟ್ಟೆಯ ಕೆಳಗೆ ಓಡಿದಳು. ಅಕ್ಮರಾಲ್ ತಲ್ಗಾತ್‌ನತ್ತ ನೋಡಿದಳು. ಅವನು ಮಾಂಸ ಹೆಚ್ಚುತ್ತಿದ್ದ.

ಮುಕಾಶ್ ಚಾಕು ಒರೆಸಿ ಇಟ್ಟ. "ಅತ್ತಿಗೆ," ಎಂದ ಕುಲ್ಪಾಶಳಿಗೆ, "ಅಣ್ಣನ ಮಾತೊಂದು ಇತ್ತಲ್ಲ. ಶಾಲೆ ತನಕ ನಮ್ಮದು ಅಂದಿದ್ದ. ನಾನೇ ಕೇಳಿದ್ದೀನಿ. ಸತ್ತವರ ಮಾತು ಅಂಗಳದಲ್ಲಿ ಬಿದ್ದಿರಬಾರದು."

"ಬಿದ್ದಿರಬಾರದು" ಎಂದು ಕುಲ್ಪಾಶ್ ಒಪ್ಪಿದಳು. "ಆದ್ರೆ ಮಾತು ಯಾರಿಗೆ ಕೊಟ್ಟಿದ್ದು, ಮಿರ್ಝಾ? ಹೆತ್ತವಳಿಗೆ. ಹೆತ್ತವಳು ಎಲ್ಲಿದ್ದಾಳೆ ನೀನೇ ನೋಡು." ಬುಟ್ಟಿಯಿಂದ ಒಂದು ಚಿಪ್ಪು ತೆಗೆದು ಅವನ ಕೈಗಿತ್ತಳು. "ಓದು."

ಮುಕಾಶ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಚಿಪ್ಪನ್ನು ಬಿಸಿಲಿಗೆ ತಿರುಗಿಸಿದ. "ಬಂದದ್ದಕ್ಕೆ ಸಂತೋಷ. ಎರ್ಕೆಝಾನ್‌ಳಿಂದ." ಮುಚ್ಚಿ ತೆರೆದು ನೋಡಿದ. "ಚೆನ್ನಾಗಿ ಮಾಡಿದ್ದಾರೆ. ಯಾರ ಕೈ?"

"ಸೊಸೇದು. ಒಂದಲ್ಲ, ಬುಟ್ಟಿ ತುಂಬ. ನಾದಿನಿಗೆ ಇಡೋ ಹೆಸರನ್ನ ಹೆತ್ತ ಮಗಳಿಗೆ ಯಾವ ತಾಯಿ ಬರೀತಾಳೆ? ನನ್ನ ಸೊಸೆ ಚಿನ್ನ. ಅವಳೇ ಮನಸ್ಸಲ್ಲಿ ಇತ್ಯರ್ಥ ಮಾಡ್ಕೊಂಡಿದ್ದಾಳೆ. ನಾವು ಯಾಕೆ ಕದಡೋದು?"

"ನಿನ್ನ ಅಕ್ಷರಾನಾ, ಮಗಳೇ?" ಎಂದ ಮುಕಾಶ್. ಅವನ ದನಿಯಲ್ಲಿ ಕಟುತನವಿರಲಿಲ್ಲ. ಅವಳು ಅಲ್ಲ ಎಂದಿದ್ದರೆ ಅವನಿಗೂ ಹಗುರಾಗುತ್ತಿತ್ತೇನೋ.

"ನಂದೇ. ಮೊದ್ಲು ಬೇರೆ ಬರೆದಿದ್ದೆ. ಅತ್ತೆ ಬದಲಾಯಿಸು ಅಂದ್ರು."

"ಅಂದೆ" ಎಂದಳು ಕುಲ್ಪಾಶ್. "ನಾನು ಅಂದೆ, ಅವಳು ಬರೆದ್ಳು. ಕೈ ಹಿಡಿದು ಬರೆಸಿದ್ನಾ? ತಾಯಿ ಆಗಿದ್ರೆ ಅಲ್ಲೇ ಎದ್ದು ನಿಂತು ಜಗಳ ಆಡ್ತಿದ್ಳು. ನಾನಾಗಿದ್ರೆ ಆಡ್ತಿದ್ದೆ."

ಮುಕಾಶ್ ಅಣ್ಣನ ಮಗನ ಕಡೆ ನೋಡಿದ. "ನೀನೇನಂತೀಯಪ್ಪ?"

"ದೊಡ್ಡವರು ಹೇಳಿದ ಹಾಗೆ" ಎಂದ ತಲ್ಗಾತ್.

"ಹಾಗಾದ್ರೆ ಅಣ್ಣನ ಮಾತು ಮುರೀಲಿಲ್ಲ, ಮಗೂನ ವಾಪಸು ಕೇಳೋ ತಾಯಿ ಇರ್ಲಿಲ್ಲ ಅಷ್ಟೆ" ಎಂದು ಮುಕಾಶ್ ಕನ್ನಡಕ ತೆಗೆದ. "ಮಗು ಇಲ್ಲೇ ಓದ್ಲಿ." ಖಾಲಿ ಬಟ್ಟಲನ್ನು ಸಮೋವರ್ ಕಡೆ ಚಾಚಿದ.

ಅಕ್ಮರಾಲ್ ಬಟ್ಟಲು ತೆಗೆದುಕೊಂಡು ಕಂಠದ ತನಕ ಚಹಾ ತುಂಬಿಸಿ, ಒಂದು ತೊಟ್ಟೂ ಚೆಲ್ಲದೆ ಎರಡೂ ಕೈಯಿಂದ ಅವನ ಮುಂದಿಟ್ಟಳು.

ಮುಕಾಶ್ ತುಂಬಿದ ಬಟ್ಟಲನ್ನೂ ಅವಳನ್ನೂ ನೋಡಿದ. "ಸೊಸೆ ನಮ್ಮನ್ನ ಎಬ್ಬಿಸ್ತಿದ್ದಾಳೆ, ಅತ್ತಿಗೆ" ಎಂದು ನಗಲು ನೋಡಿದ.

"ದಾರಿ ಆಯಾಸ, ಕೈ ಜಾರಿದೆ" ಎಂದು ಕುಲ್ಪಾಶ್ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಅರ್ಧ ಚಹಾವನ್ನು ಮರದ ಬುಡಕ್ಕೆ ಸುರಿದಳು.

ಗೇಟಿನ ಹತ್ತಿರ ಮಕ್ಕಳು ಹೊರಡುತ್ತಿದ್ದರು. ಇಂಝು ಬುಟ್ಟಿ ಹಿಡಿದು ಒಬ್ಬೊಬ್ಬರಿಗೂ ಚಿಪ್ಪು ಕೊಡುತ್ತಿದ್ದಳು. ಒಂದು ಮಗು ಅಲ್ಲೇ ತೆರೆದು ಮುತ್ತನ್ನು ಬಾಯಿಗೆ ಹಾಕಿಕೊಂಡು ಕಾಗದವನ್ನು ಮುದುಡಿ ಜೇಬಿಗಿಟ್ಟಿತು. ಅಕ್ಮರಾಲ್ ಸಮೋವರ್ ಬಿಟ್ಟು ಎದ್ದಳು. ಎದ್ದು, ಅಂಗಳದ ನಡುವೆ ನಿಂತು, ಕರೆದಳು.

"ಇಂಝು."

ಕೂಗಿದ್ದಲ್ಲ. ಆದರೂ ಮರದ ಕೆಳಗೆ ಚಮಚದ ಸದ್ದು ನಿಂತಿತು. ಆ ದನಿಯಲ್ಲಿ ಆ ಹೆಸರನ್ನು ಆ ಮನೆ ಎಂದೂ ಕೇಳಿರಲಿಲ್ಲ.

ಹುಡುಗಿ ತಿರುಗಿದಳು. ಮೊದಲು ಕುಲ್ಪಾಶಳನ್ನು ನೋಡಿದಳು, ಆಮೇಲೆ ಅಕ್ಮರಾಲ್‌ಳನ್ನು. ಹತ್ತಿರ ಬಂದು, ಗುಟ್ಟು ಹೇಳುವವಳಂತೆ ದನಿ ತಗ್ಗಿಸಿದಳು.

"ಅತ್ತಿಗೆ, ನೀವು ನನ್ನ ಹೆಸರು ಹೇಳೋ ಹಾಗಿಲ್ಲ. ಅಮ್ಮ ಬಯ್ತಾಳೆ." ಅಕ್ಮರಾಲ್ ಮುಖ ನೋಡಿ ಅವಳಿಗೆ ಕನಿಕರವಾಯಿತು. "ಹೋಗ್ಲಿ ಬಿಡಿ. ಯಾರಾದ್ರೂ ಕೇಳಿದ್ರೆ, ನಂಗೆ ಕೇಳಿಸ್ಲೇ ಇಲ್ಲ ಅಂತೀನಿ."

ಅಷ್ಟು ಹೇಳಿ ಗೇಟಿಗೆ ಓಡಿಹೋಗಿ, ಕಾಯುತ್ತಿದ್ದ ಮಗುವಿಗೆ ಚಿಪ್ಪು ಕೊಟ್ಟಳು.