ಹೊಳಪು ಕೆಡದ ಕಾರ್ಡು

ಔಷಧಿ ಅಂಗಡಿಯವನು ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿದ, ಮತ್ತೊಮ್ಮೆ ತಿರುಗಿಸಿದ. ಆಮೇಲೆ ಕನ್ನಡಕವನ್ನು ಹಣೆಗೇರಿಸಿದ.

"ಇದರ ವಾಯಿದೆ ಮುಗಿದು ಒಂಬತ್ತು ದಿನ ಆಯ್ತಲ್ಲ ತಂಗಿ."

"ಒಂಬತ್ತು ದಿನ ತಾನೇ ಅಣ್ಣಾ. ಸ್ವಲ್ಪ ನೋಡಿ."

"ನಾನು ನೋಡಿ ಏನು ಮಾಡ್ಲಿ, ಕಂಪ್ಯೂಟರ್ ಕಣ್ಣು ಮುಚ್ಚಬೇಕಲ್ಲ! ಕಂಪನಿಯವರು ಹೊಸ ಕಾರ್ಡು ಕೊಡೋದನ್ನೂ ನಿಲ್ಲಿಸಿಬಿಟ್ಟಿದ್ದಾರೆ." ಅವನು ಪರದೆಯತ್ತ ಬಗ್ಗಿ ಹುಬ್ಬು ಗಂಟಿಕ್ಕಿದ. "ಅಲ್ಲಾ, ತಿಂಗಳಿಗೊಂದು ದಮ್ಮಿನ ಪಂಪು ಅರ್ಧ ಬೆಲೆಗೆ, ಹನ್ನೆರಡು ತಿಂಗಳು. ನೀವು ಒಂದೂ ತಗೊಂಡಿಲ್ಲ."

"ಇಲ್ಲ, ಅಮ್ಮ ಪ್ರತಿ ತಿಂಗಳೂ..." ಎಂದವಳು ಕಾರ್ಡಿನತ್ತ ನೋಡಿದಳು. ಕಾರ್ಡು ಗಾಜಿನ ಹಲಗೆಯ ಮೇಲೆ ಬಿದ್ದಿತ್ತು. ಗಾಜಿಗಿಂತ ಅದೇ ಹೆಚ್ಚು ಹೊಳೆಯುತ್ತಿತ್ತು.

ಅದಕ್ಕೆ ಲ್ಯಾಮಿನೇಷನ್ ಮಾಡಿದವಳು ಅವಳೇ. ಅವಳು ಕೆಲಸ ಮಾಡುವುದು ಮುದ್ರಣಾಲಯದಲ್ಲಿ. ದಿನಕ್ಕೆ ನೂರಾರು ಗುರುತಿನ ಚೀಟಿಗಳು ಅವಳ ಕೈಯಿಂದ ಬಿಸಿ ಉರುಳೆಯೊಳಗೆ ಹೋಗಿ ಹೊಳೆಯುತ್ತಾ ಹೊರಬರುತ್ತವೆ. ಬಳಸಿದ ಕಾರ್ಡು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರು ತಿಂಗಳಲ್ಲಿ ಗೀರು ಬೀಳುತ್ತದೆ, ಆರು ತಿಂಗಳಿಗೆ ಮೂಲೆ ಬಾಯಿ ಬಿಡುತ್ತದೆ. ಇದರ ಮೈಮೇಲೆ ಅಂಗಡಿಯವನು ಈಗಷ್ಟೇ ಒತ್ತಿದ ಹೆಬ್ಬೆರಳ ಗುರುತು ಬಿಟ್ಟರೆ ಏನೂ ಇರಲಿಲ್ಲ.

ಕಳೆದ ವರ್ಷ ಇದೇ ಅಂಗಡಿಯವನು ಕಾರ್ಡು ಕೊಡುವಾಗ, "ಜೋಪಾನ ಅಮ್ಮಾ, ಕಷ್ಟಕಾಲಕ್ಕೆ ಆಗುತ್ತೆ" ಎಂದಿದ್ದ. ಅವನಿಗೆ ಅದು ನೂರು ಜನಕ್ಕೆ ಹೇಳುವ ಮಾತು. ಆದರೆ ಅಮ್ಮನಿಗೆ ಯಾವ ಮಾತೂ ನೂರರಲ್ಲಿ ಒಂದಲ್ಲ. ಮೂವತ್ತು ವರ್ಷ ಹಾಸಿಗೆ ಅಂಗಡಿಯಲ್ಲಿ ಹತ್ತಿ ತುಂಬಿ, ಊರವರಿಗೆಲ್ಲ ಮೆತ್ತನೆ ನಿದ್ದೆ ಹೊಲಿದುಕೊಟ್ಟು, ಆ ಹತ್ತಿಯ ಧೂಳನ್ನೆಲ್ಲ ತನ್ನ ಎದೆಯಲ್ಲಿ ತುಂಬಿಕೊಂಡಿದ್ದಳು. ರಾತ್ರಿ ಉಸಿರು ಕುಯ್ಯೆಂದರೆ, "ಏನಿಲ್ಲ ಕಣೇ, ನನ್ನ ಎದೇಲಿ ಬೆಕ್ಕು ಮರಿ ಹಾಕಿದೆ" ಎಂದು ನಗುತ್ತಿದ್ದಳು. ಮಗಳು ಚಿಕ್ಕವಳಿದ್ದಾಗ ಆ ಎದೆಗೆ ಕಿವಿಯಿಟ್ಟು ಮರಿಗಳನ್ನು ಎಣಿಸಿದ್ದುಂಟು.

ಆಗೆಲ್ಲ ಅಮ್ಮ ಹೇಳುತ್ತಿದ್ದುದು ಒಂದೇ ಕಥೆ. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಗೆ ಹಕ್ಕಿಯೊಂದು ಮೂರು ಗರಿ ಕೊಡುತ್ತದೆ. ಕಷ್ಟ ಬಂದಾಗ ಒಂದು ಗರಿ ಗಾಳಿಗೆ ಬಿಡು, ಎಲ್ಲಿದ್ದರೂ ಬರುತ್ತೇನೆ ಎನ್ನುತ್ತದೆ. ಹುಡುಗಿ ಮುಳ್ಳು ಚುಚ್ಚಿದರೂ ಬಿಡಲಿಲ್ಲ, ಹಸಿದರೂ ಬಿಡಲಿಲ್ಲ. "ಆಮೇಲೆ?" ಎಂದರೆ, "ಆಮೇಲೇನು, ಜಾಣೆ ಅವಳು. ಮೂರೂ ಗರಿ ಇನ್ನೂ ಅವಳ ಪೆಟ್ಟಿಗೇಲೇ ಇವೆ" ಎಂದು ಅಮ್ಮ ದೀಪ ಆರಿಸುತ್ತಿದ್ದಳು.

ಇಂದು ಬೆಳಗ್ಗೆ ಡಾಕ್ಟರು ಅಮ್ಮನ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. "ಹೊತ್ತಿಗೆ ಸರಿಯಾಗಿ ಪಂಪು ಎಳೀತಿದ್ರೆ ಇಷ್ಟಾಗ್ತಿರಲಿಲ್ಲ. ಹೋದದ್ದು ಹೋಯ್ತು. ಉಳಿದದ್ದನ್ನ ಉಳಿಸ್ಕೊಳ್ಳಿ," ಎಂದರು. ಮಗಳಿಗೆ ಅರ್ಥವಾಗಿರಲಿಲ್ಲ. ದಿನಾ ಬೆಳಗ್ಗೆ ಅಡುಗೆಮನೆಯಿಂದ 'ಪುಸ್' ಎಂಬ ಸದ್ದು ಕೇಳುತ್ತಿತ್ತಲ್ಲ? ಈಗ ಅಂಗಡಿಯ ಮುಂದೆ ನಿಂತು ನೆನಪಿನೊಳಗೆ ಕಿವಿಯಿಟ್ಟಳು. ಎರಡು ಸಲ ಕೇಳಬೇಕಾದದ್ದು ಒಂದು ಸಲ ಕೇಳಿತ್ತು. ಎಷ್ಟೋ ಬೆಳಗು ಅದೂ ಕೇಳಿರಲಿಲ್ಲ. ಕಾರ್ಡಿಗೂ ಮುಂಚೆ ತಂದಿದ್ದ ಒಂದೇ ಪಂಪನ್ನು ಅಮ್ಮ ವರ್ಷವಿಡೀ ಉಳಿಸಿ ಉಳಿಸಿ ಎಳೆದಿದ್ದಳು.

"ಪೂರ್ತಿ ಬೆಲೆಗೇ ಕೊಡಿ ಅಣ್ಣಾ," ಎಂದು, 'ಕನ್ನಡಕಕ್ಕೆ' ಎಂದು ತಾನೇ ಬರೆದಿಟ್ಟಿದ್ದ ಹಣದ ಲಕೋಟೆಯನ್ನು ಚೀಲದಿಂದ ತೆಗೆದು ಹರಿದಳು.

ಮನೆಯವರೆಗೂ ಅವಳ ಬಾಯಲ್ಲಿ ಬೈಗುಳ ಕುದಿಯುತ್ತಿತ್ತು. ಇಂಥ ಪೆದ್ದುತನ ಯಾರಾದರೂ ಮಾಡುತ್ತಾರಾ ಎಂದು ಕೇಳಬೇಕು, ಕಾರ್ಡನ್ನು ಎದುರಿಗೆ ಎಸೆಯಬೇಕು. ಮೆಟ್ಟಿಲೇರುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಜೋಡಿಸಿಕೊಂಡಳು.

ಅಮ್ಮ ಮಂಚದ ಅಂಚಿನಲ್ಲಿ ಎರಡೂ ಕೈ ಊರಿ, ಹೆಗಲು ಏರಿಸಿ ಕುಳಿತಿದ್ದಳು. ಪಂಪು ನೋಡಲಿಲ್ಲ, ಮಗಳ ಮುಖವನ್ನೇ ನೋಡಿದಳು.

"ಕಾರ್ಡು... ತಗೊಂಡ್ರಾ?"

ಮಗಳು ಬಾಯಿ ತೆರೆದಳು. ಎದುರಿಗಿದ್ದ ಎರಡು ಕಣ್ಣುಗಳು ರೆಪ್ಪೆ ಬಡಿಯದೆ ಕಾಯುತ್ತಿದ್ದವು.

"ತಗೊಂಡ್ರು."

"ಅರ್ಧಕ್ಕೇ ಕೊಟ್ರಾ?"

"ಹ್ಞೂಂ. ಅರ್ಧಕ್ಕೇ."

ಅಮ್ಮನ ಹೆಗಲು ಒಂದಿಷ್ಟು ಇಳಿಯಿತು. ಮಗಳು ಪಂಪು ಕುಲುಕಿ ಬಾಯಿಗೆ ಹಿಡಿದಳು. ಒಂದು ಸಲ. ನಿಮಿಷ ಬಿಟ್ಟು ಇನ್ನೊಂದು ಸಲ. ಎರಡನೆಯದಕ್ಕೆ ಅಮ್ಮ ಕೈಯಡ್ಡ ತಂದಳು. "ಸಾಕು, ಉಳೀಲಿ."

"ಬಾಯಿ ತೆಗಿ ಅಂದೆ."

"ಅಬ್ಬಾ, ನನ್ನತ್ತೆ ಸತ್ತು ನನ್ನ ಹೊಟ್ಟೇಲಿ ಹುಟ್ಟಿದ್ದಾಳೆ," ಎಂದು ಗೊಣಗುತ್ತಾ ಅಮ್ಮ ಎಳೆದಳು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ಕಳ್ಳಿಯ ಹಾಗೆ ತಲೆ ತಗ್ಗಿಸಿದಳು. "ನಿನಗೆ ಸುಳ್ಳು ಹೇಳಿದ್ದೆ ಕಣೇ. ಇಷ್ಟು ದಿನ ಅದನ್ನ ಬಳಸೇ ಇರ್ಲಿಲ್ಲ. ಸಣ್ಣಪುಟ್ಟ ದಮ್ಮಿಗೆಲ್ಲ ಖರ್ಚು ಮಾಡಿಬಿಟ್ರೆ, ದೊಡ್ಡದು ಬಂದಾಗ ಯಾರ ಮುಖ ನೋಡೋದು? ಈಗ ನೋಡು, ಹೊತ್ತಿಗಾಯ್ತು."

"ಆಯ್ತಮ್ಮಾ."

"ಇನ್ನೂ ಹನ್ನೊಂದು ಉಳೀತಲ್ಲ?"

"ಉಳೀತು."

"ಇರ್ಲಿ. ನಿನ್ನದೂ ನನ್ನಂಥದ್ದೇ ಎದೆ. ಬೆಳಗ್ಗೆ ಹೊತ್ತು ಕೆಮ್ತೀಯ, ನನಗೇನು ಕೇಳ್ಸಲ್ವಾ? ಮುಂದಕ್ಕೆ ನಿನಗೆ ಬೇಕಾಗುತ್ತೆ." ಅಮ್ಮ ಕೈ ಚಾಚಿದಳು. "ಕೊಡಿಲ್ಲಿ. ನೀನು ಎಲ್ಲಾದ್ರೂ ಕಳೀತೀಯ."

ಮಗಳು ಕಾರ್ಡನ್ನು ಆ ಕೈಗಿಟ್ಟಳು. ಅಂಗಡಿಯವನ ಹೆಬ್ಬೆರಳ ಗುರುತು ಅದರ ಮೇಲೆ ಕಂಡು ಅಮ್ಮನಿಗೆ ಸಹಿಸಲಾಗಲಿಲ್ಲ. ಬಾಯಿಯ ಹತ್ತಿರ ಹಿಡಿದು, ಒರೆಸುವ ಮುಂಚೆ ಹಾ ಎಂದು ಉಸಿರು ಬಿಟ್ಟಳು. ಅಂಗಿಯ ಗುಂಡಿಯಷ್ಟಗಲ ಮಬ್ಬು ಮೂಡಿ, ಬಟ್ಟೆ ತಾಗುವ ಮೊದಲೇ ಆರಿಹೋಯಿತು. ಒಣಗಿದ ಆ ಜಾಗವನ್ನೇ ಅಮ್ಮ ಮೆಲ್ಲಗೆ, ಮೂಲೆ ಮೂಲೆಯನ್ನೂ ಬಿಡದೆ, ಬಹಳ ಹೊತ್ತು ಒರೆಸಿದಳು. ಆಮೇಲೆ ಹತ್ತಿಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು.