ಬೆಳಿಗ್ಗೆ ಅವಳ ಕೈ, ಮಧ್ಯಾಹ್ನ ಅವನ ಕೈ

ನಾನು ಒಂದು ಸಲಿಕೆ. ಸಲಿಕೆಯಾಗುವ ಮೊದಲು ಲಾರಿಯ ಹೊಟ್ಟೆಯ ಕೆಳಗೆ, ಭಾರ ಬಿದ್ದಾಗ ಬಾಗಿ ಮತ್ತೆ ನೆಟ್ಟಗಾಗುವ ಉಕ್ಕಿನ ಪಟ್ಟಿಯಾಗಿದ್ದೆ. ಈರುಳ್ಳಿ, ಸಿಮೆಂಟು, ಒಮ್ಮೊಮ್ಮೆ ಮದುವೆಯ ದಿಬ್ಬಣ, ಏನು ಹೇರಿದರೂ ಸುಮ್ಮನೆ ಹೊತ್ತೆ. ಕೊನೆಗೆ ಒಂದು ರಸ್ತೆಗುಂಡಿಯಲ್ಲಿ ಎರಡು ತುಂಡಾದೆ. ಗದಗಿನ ಹೊರಗೆ, ಮುಂಡರಗಿ ರಸ್ತೆಯ ಬದಿಗೆ ಕುಲುಮೆ ಹಾಕಿಕೊಂಡಿದ್ದ ಮೌನೇಶಪ್ಪ ನನ್ನನ್ನು ಗುಜರಿಯಿಂದ ಆರಿಸಿ ತಂದ. ಕೆಂಪಗೆ ಕಾಯಿಸಿ ಬಡಿದ, ಮತ್ತೆ ಕಾಯಿಸಿ ಬಡಿದ, ಚುಂಯ್ ಎಂದು ನೀರಿಗೆ ಅದ್ದಿದ. ಮುಂದೆ ಅಗಲವಾದ ಬಾಯಿ, ಹಿಂದೆ ಮರದ ಹಿಡಿಕೆಯ ಕಾವು ತೂರಿಸಲು ದುಂಡನೆಯ ಕಣ್ಣು. ಬೆರಳಿನಿಂದ ನನ್ನ ಅಂಚು ಮುಟ್ಟಿ ನೋಡಿ, "ಇದು ಕಲ್ಲಿಗೆ ಬಿದ್ರೂ ಮುಕ್ಕಾಗಂಗಿಲ್ಲ ನೋಡ" ಎಂದು ಹೆಂಡತಿಗೆ ಹೇಳಿದ. ನಾನು ಕೇಳಿದ ಹೊಗಳಿಕೆ ಅದೊಂದೇ. ಆಮೇಲೆ ಕೇಳಿದ್ದು ಬಹುಪಾಲು ಬೈಗುಳ.

ನನ್ನನ್ನು ಮೊದಲು ಕೊಂಡವನು ದುರ್ಗಪ್ಪ, ಊರೂರಿಗೆ ನೀರಿನ ಪೈಪು ಹೂಳುವ ಗ್ಯಾಂಗಿನವನು. ಅಗೆಯುವುದು, ಪೈಪು ಇಳಿಸುವುದು, ಅಗೆದ ಮಣ್ಣನ್ನೇ ಮತ್ತೆ ಮುಚ್ಚುವುದು. ನಾವು ಮುಚ್ಚಿ ಮುಂದೆ ಹೋದರೆ ಹಿಂದಿನಿಂದ ಕೇಬಲ್ಲಿನವರು ಬಂದು ಅದೇ ಜಾಗವನ್ನು ಅಗೆಯುತ್ತಿದ್ದರು. ವರ್ಷಗಟ್ಟಲೆ ದುಡಿದರೂ ನಾನು ಮಾಡಿದ ಒಂದು ಕೆಲಸವೂ ನೆಲದ ಮೇಲೆ ನಿಂತು ಕಾಣಲಿಲ್ಲ. ಎಂದಾದರೂ ನನ್ನಿಂದ ಏನಾದರೂ ಎದ್ದು ನಿಲ್ಲಬಾರದೇ ಎಂದು ಆಸೆಪಡುತ್ತಿದ್ದೆ. ಹಾಗೆ ಆಸೆಪಟ್ಟಿದ್ದೇ ತಪ್ಪಾಯಿತೇನೋ.

ಬೆಟಗೇರಿಯ ಅಂಚಿನಲ್ಲಿ ಕೆಲಸ ನಡೆದಾಗ ನನ್ನ ಕಣ್ಣು ಬಿರಿಯಿತು. ದುರ್ಗಪ್ಪ ಎದುರಿಗಿದ್ದ ಬೈಕ್ ಗ್ಯಾರೇಜಿಗೆ ಒಯ್ದು, "ಒಂದ್ ವೆಲ್ಡಿಂಗ್ ಹೊಡದ್ ಇಡ್ರಿ, ಸಂಜಿಕ್ ಬರ್ತೀನಿ" ಎಂದ. ಅಂದೇ ಸಂಜೆ ಗ್ಯಾಂಗನ್ನು ಟ್ರ್ಯಾಕ್ಟರ್ ಹತ್ತಿಸಿ ಬೇರೆ ತಾಲ್ಲೂಕಿಗೆ ಸಾಗಿಸಿದರು. ಅವನು ಬರಲೇ ಇಲ್ಲ. ಗ್ಯಾರೇಜಿನ ಫಕೀರೇಶ ಬೆಸುಗೆ ಹಾಕಿ ನನ್ನನ್ನು ಹಳೆಯ ಟಯರುಗಳ ಹಿಂದೆ ಒರಗಿಸಿಟ್ಟ. ಹೀಗೆ ಯಾರೂ ಕೊಡದೆ, ಯಾರೂ ಕೊಳ್ಳದೆ ನಾನು ಅವನವನಾದೆ.

ಫಕೀರೇಶ ಆಗ ಮಣ್ಣಿನ ರೇಸುಗಳಲ್ಲಿ ಬೈಕ್ ಓಡಿಸುತ್ತಿದ್ದ. ಹಳೆಯ ಬೈಕೊಂದರ ದೀಪ, ಕನ್ನಡಿ ಎಲ್ಲ ಕಿತ್ತು, ಹಲ್ಲುಹಲ್ಲಾದ ಟಯರು ತೊಡಿಸಿ, ಗಟ್ಟಿ ಸ್ಪ್ರಿಂಗು ಕೂಡಿಸಿದ್ದ. ಅದು ಮನೆಯ ಮುಂದೆ ಕೂಗಿದರೆ ಅವನ ತಾಯಿ ಹಾಲವ್ವ ಒಳಗಿನಿಂದ, "ಹೊತ್ತಿಗ್ ಮುಂಚೆ ಶುರು ಆತು ಇವನ ರಾಕ್ಷಸಂದು" ಎನ್ನುತ್ತಿದ್ದಳು. ಒಂದು ದಿನ ಬೆಳಗಾವಿ ಕಡೆಯ ರೇಸಿಗೆ ಹೋದವನು ಆಸ್ಪತ್ರೆಯಿಂದ ಮನೆಗೆ ಬಂದ. ಯಾರೋ ಅವಸರದಲ್ಲಿ ಕಟ್ಟಿದ ದಿಬ್ಬ, ಹಾರುವಾಗ ತುದಿ ಕುಸಿಯಿತಂತೆ. ಬಲಗಾಲಿನಲ್ಲಿ ರಾಡು. ಮೊದಲು ಊರುಗೋಲು, ಆಮೇಲೆ ಕುಂಟು. ಬೈಕಿನ ಮೇಲೆ ತಾಡಪಾಲು ಬಿತ್ತು. ಗ್ಯಾರೇಜು ನಡೆಸಿದ, ಆದರೆ ಆ ಬೈಕಿನ ಕಡೆ ಮುಖ ಮಾಡಿ ಕೂರುತ್ತಿರಲಿಲ್ಲ.

ತಾಡಪಾಲು ಎಳೆದವಳು ಅವನ ತಂಗಿ ದಾಕ್ಷಾಯಣಿ. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ದಿನವಿಡೀ "ನಿಧಾನ ಬ್ರೇಕ್ ಒತ್ತ್ರಿ, ಕಾಲ್ ಇಡ್ರಿ" ಎಂದು ಹೇಳಿ ಹೇಳಿ ಬಂದವಳಿಗೆ ಸಂಜೆ ತಾನು ಮಾತ್ರ ನಿಧಾನ ಹೋಗಬಾರದು ಎನಿಸುತ್ತಿತ್ತೋ ಏನೋ. "ಅಣ್ಣಾ, ನನಗ ಕಲಸು" ಎಂದಳು. ಅವನು ನಟ್ಟು ಬಿಗಿಸುವ ಪಾನಾ ಒರೆಸಿ ಕೆಳಗಿಟ್ಟ. ಆಮೇಲೆ ಎದ್ದು ಬಂದು ಟಯರುಗಳ ಹಿಂದಿನಿಂದ ನನ್ನನ್ನು ಎತ್ತಿದ.

ಮನೆಯ ಹಿಂದೆ ಉದ್ದನೆಯ ಹಿತ್ತಲು. ಎರೆ ಮಣ್ಣು, ಬಿಸಿಲಿಗೆ ಬಾಯಿ ಬಿಡುತ್ತದೆ, ಮಳೆಗೆ ಅಂಟಾಗುತ್ತದೆ. ಅದೊಂದರಿಂದಲೇ ದಿಬ್ಬ ಕಟ್ಟಿದರೆ ನಿಲ್ಲುವುದಿಲ್ಲ. ಹಾಗಾಗಿ ಟ್ರ್ಯಾಕ್ಟರಿನಲ್ಲಿ ಸಣ್ಣ ಕಲ್ಲು ಬೆರೆತ ಕೆಂಪು ಗರಸು ತರಿಸಿದರು. ಒಂದು ಪದರ ಎರೆ, ಒಂದು ಪದರ ಗರಸು, ಮೇಲೆ ನೀರು ಚಿಮುಕಿಸಿ ನನ್ನ ಬೆನ್ನಿನಿಂದ ಬಡಿಯುವುದು, ಕಾಲಿನಿಂದ ತುಳಿಯುವುದು. ಮೊದಲು ಮೊಣಕಾಲೆತ್ತರದ ಗುಡ್ಡೆಗಳ ಸಾಲು. ನಂತರ ಮೇಲೆ ಚಪ್ಪಟೆಯಾದ ಒಂದು ದಿಬ್ಬ, ಹಾರಲು ಆಗದಿದ್ದರೆ ಅದರ ಮೇಲೆಯೇ ಇಳಿದು ಉರುಳಿಕೊಂಡು ಹೋಗಬಹುದು. ಅಣ್ಣ ಕೂತು ಹೇಳುತ್ತಿದ್ದ, ತಂಗಿ ಹಾಕುತ್ತಿದ್ದಳು. ಕೊನೆಗೂ ನಾನು ಮಾಡಿದ್ದು ನೆಲದ ಮೇಲೆ ನಿಂತಿತು! ಆ ಬೇಸಿಗೆಯಲ್ಲಿ ನನಗೆ ಒಂದು ದೂರೂ ಇರಲಿಲ್ಲ.

ದೂರು ಶುರುವಾದದ್ದು ಜೋಡಿದಿಬ್ಬದಿಂದ. ದೀಪಾವಳಿ ಆದ ಮೇಲೆ ಹುಬ್ಬಳ್ಳಿಯಲ್ಲಿ ರೇಸಿತ್ತು, ಹೆಂಗಸರಿಗೂ ಬೇರೆ ಓಟವಿತ್ತು. ಅದರ ದಾರಿಯಲ್ಲಿ ಒಂದು ದಿಬ್ಬದಿಂದ ಹಾರಿ, ನಡುವಿನ ಹಳ್ಳ ದಾಟಿ, ಇನ್ನೊಂದು ದಿಬ್ಬದ ಇಳಿಜಾರಿನಲ್ಲಿ ಇಳಿಯಬೇಕು. ನಡುವೆ ಬಿದ್ದರೆ ಕ್ಷಮೆ ಇಲ್ಲ. ದಾಕ್ಷಾಯಣಿ ಹಿತ್ತಲಲ್ಲೂ ಅಂಥದ್ದೇ ಬೇಕೆಂದಳು. ಹಾರುವ ದಿಬ್ಬ ಅವಳ ಎದೆಯೆತ್ತರಕ್ಕೆ ಬಂದಾಗ ಫಕೀರೇಶ, "ಎತ್ತರ ಜಾಸ್ತಿ ಆತು, ದಾಕ್ಷಾ" ಎಂದ.

"ಇನ್ನೂ ಕಡಿಮಿ ಐತಿ."

"ನಾ ಹೇಳಾಕತ್ತೀನಲ್ಲ."

"ನೀನ ಹೇಳಿದ್ದಿ, ಇಷ್ಟ ಇದ್ರನ ದಾಟತೈತಿ ಅಂತ."

ಅವನು ಎದ್ದು ಗ್ಯಾರೇಜಿಗೆ ಹೋದ. ಅದನ್ನು ಅವಳು ಒಪ್ಪಿಗೆ ಎಂದುಕೊಂಡಳು.

ಮರುದಿನ ಮಧ್ಯಾಹ್ನ, ಅವಳು ಕೆಲಸಕ್ಕೆ ಹೋದ ಮೇಲೆ, ಅವನು ಕುಂಟುತ್ತ ಹಿತ್ತಲಿಗೆ ಬಂದು ನನ್ನನ್ನು ತೆಗೆದುಕೊಂಡ. ಹಾರುವ ದಿಬ್ಬದ ತುದಿಯನ್ನು ತೆಳ್ಳಗೆ ಕೆರೆದ. ಕೆರೆದ ಮಣ್ಣನ್ನು ಬುಟ್ಟಿಯಲ್ಲಿ ಒಯ್ದು ಬೇಲಿಯ ಬುಡಕ್ಕೆ ಸುರಿದ. ಮೇಲೆ ನೀರು ಚಿಮುಕಿಸಿ ನನ್ನ ಬೆನ್ನಿನಿಂದ ಸವರಿದ. ಏನೂ ಆಗಿಲ್ಲ ಎಂಬಂತೆ ಗ್ಯಾರೇಜಿಗೆ ಹೋದ.

ಮರುದಿನ ಮುಂಜಾನೆ ಅವಳು ಬಂದು ಕೋಲು ಹಿಡಿದು ಅಳೆದಳು. "ಥೂ, ಕುಸದೈತಿ ನೋಡ. ಈ ಎರಿ ಮಣ್ಣಿನ ಹಣೇಬರಾನ ಇಷ್ಟ." ಮತ್ತೆ ಹಾಕಿದಳು. ಮಧ್ಯಾಹ್ನ ಅವನು ಮತ್ತೆ ಕೆರೆದ.

ಹೀಗೇ ನಡೆಯಿತು. ಮುಂಜಾನೆ ಅವಳ ಕೈಯಲ್ಲಿ ಏರಿಸುತ್ತಿದ್ದೆ, ಮಧ್ಯಾಹ್ನ ಅವನ ಕೈಯಲ್ಲಿ ಇಳಿಸುತ್ತಿದ್ದೆ. ದುರ್ಗಪ್ಪನ ಜೊತೆ ಇದ್ದಾಗಲಾದರೂ ನಾವು ಮುಚ್ಚಿದ್ದನ್ನು ಅಗೆಯಲು ಬೇರೆಯವರ ಸಲಿಕೆ ಬರುತ್ತಿತ್ತು. ಇಲ್ಲಿ ಕಟ್ಟುವವನೂ ನಾನೇ, ಕೆಡಿಸುವವನೂ ನಾನೇ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೆರೆಯುವಾಗ ಕಲ್ಲಿಗೆ ಬಡಿದು ಕಿಡಿ ಹಾರಿಸುತ್ತಿದ್ದೆ, ಕಾವಿನಿಂದ ಸಡಿಲಾಗಿ ಕಳಚಿಕೊಳ್ಳುತ್ತಿದ್ದೆ. ಅವನು ಬೆಣೆ ಹೊಡೆದು ನನ್ನನ್ನು ಮತ್ತೆ ಬಿಗಿ ಮಾಡುತ್ತಿದ್ದ. ಹಾಲವ್ವ ಹಿಂಬಾಗಿಲಲ್ಲಿ ಜೋಳ ಹಸನು ಮಾಡುತ್ತ ಎಲ್ಲ ನೋಡುತ್ತಿದ್ದಳು. ಒಮ್ಮೆಯೂ ಏನೂ ಕೇಳಲಿಲ್ಲ.

ದಾಕ್ಷಾಯಣಿಗೆ ತಲೆ ಕೆಟ್ಟಿತು. ಮಣ್ಣಿಗೆ ಬೈದಳು, ಮಳೆಗೆ ಬೈದಳು, ಗರಸು ತಂದ ಟ್ರ್ಯಾಕ್ಟರಿನವನಿಗೆ ಬೈದಳು, ನನ್ನನ್ನು ನೆಲಕ್ಕೆ ಕುಕ್ಕಿ, "ಸುಡಗಾಡ ಸಲಿಕಿ" ಎಂದಳು. ಒಂದು ದಿನ ದಿಬ್ಬದ ಮೇಲೆಯೇ ಕೂತು ಅತ್ತಳು. "ನನ್ನ ಕೈಯಾಗ ಒಂದ್ ದಿಬ್ಬಾನೂ ನಿಲ್ಲವಲ್ದು ಅಣ್ಣಾ. ರೇಸಿನ್ಯಾಗ ಏನ್ ಮಾಡ್ಲಿ?" ಫಕೀರೇಶ ಪಕ್ಕದಲ್ಲೇ ನಿಂತಿದ್ದ. ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಅವನು, "ಈ ವರ್ಷ ಬಿಟ್ಟ ಬಿಡು" ಎಂದಷ್ಟೇ ಹೇಳಿದ. ಅವಳು ಕಣ್ಣೊರೆಸಿಕೊಂಡು ಮತ್ತೆ ಬುಟ್ಟಿ ತುಂಬಿದಳು.

ಅವಳು ಅಲ್ಲಿಯವರೆಗೆ ಜೋಡಿದಿಬ್ಬವನ್ನು ಹಾರುತ್ತಿದ್ದುದು ಮುಂಜಾನೆ ಮಾತ್ರ, ತಾನು ಮಣ್ಣು ಹಾಕಿ ಅಳೆದ ಮೇಲೆ. ಆದರೆ ಒಂದು ಶನಿವಾರ ಸ್ಕೂಟರ್ ಕಲಿಯುವವರು ಯಾರೂ ಬರಲಿಲ್ಲ. ಊಟದ ಹೊತ್ತಿಗೇ ಮನೆಗೆ ಬಂದಳು. ಫಕೀರೇಶ ಆಗಷ್ಟೇ ಕೆರೆದು ಗ್ಯಾರೇಜಿಗೆ ಹೋಗಿದ್ದ. ಮುಂಜಾನೆ ತಾನೇ ಅಳೆದಿದ್ದೇನಲ್ಲ ಎಂದು ಅವಳು ದಿಬ್ಬದ ಕಡೆ ನೋಡಲೂ ಇಲ್ಲ. ಹೆಲ್ಮೆಟ್ ಹಾಕಿ ಬೈಕಿನ ಕಿಕ್ ಒದ್ದಳು.

ಅದರ ಕೂಗು ಕೇಳಿ ಫಕೀರೇಶ ಮನೆಯ ಪಕ್ಕದ ಸಂದಿಯಿಂದ ಓಡಿ ಬಂದ. ಆ ಕಾಲಿನಲ್ಲಿ ಅವನು ಓಡಿದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. "ದಾಕ್ಷಾ! ಬ್ಯಾಡ! ನಿಲ್ಲ!" ಎಂಜಿನ್ನಿನ ಸದ್ದಿನಲ್ಲಿ, ಹೆಲ್ಮೆಟ್ಟಿನ ಒಳಗೆ ಅವಳಿಗೆ ಏನು ಕೇಳೀತು? ಅವಳು ಎಂದಿನ ವೇಗದಲ್ಲೇ ಬಂದಳು. ದಿಬ್ಬ ಎಂದಿನಷ್ಟು ಅವಳನ್ನು ಎತ್ತಲಿಲ್ಲ. ಮುಂದಿನ ಗಾಲಿ ಆಚೆಯ ದಿಬ್ಬದ ಎದೆಗೆ ಬಡಿಯಿತು. ಅವಳು ಬೈಕಿನ ಮೇಲಿಂದ ಹಾರಿ ಭುಜದ ಮೇಲೆ ಬಿದ್ದಳು.

ಕೊರಳ ಕೆಳಗೆ ಭುಜಕ್ಕೆ ಕೂಡುವ ಎಲುಬು ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ, ಪುಣ್ಯ.

ಎರಡು ದಿನ ಬಿಟ್ಟು, ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವಳು ಹಿತ್ತಲಿಗೆ ಬಂದಳು. ದಿಬ್ಬದ ತುದಿಯ ಮೇಲೆ ಎಡಗೈ ಆಡಿಸಿದಳು. ಕುಸಿದ ಮಣ್ಣು ಹೆಂಟೆಹೆಂಟೆಯಾಗಿರುತ್ತದೆ. ಇದು ಸವರಿದ ಹಾಗೆ ನುಣ್ಣಗಿತ್ತು. ಆಮೇಲೆ ಗೋಡೆಗೆ ಒರಗಿದ್ದ ನನ್ನನ್ನು ನೋಡಿದಳು. ಅವಳು ಕೆಲಸ ಮುಗಿಸಿ ದಿನವೂ ನನ್ನನ್ನು ಗೋಣಿತಟ್ಟಿನಿಂದ ಒರೆಸಿಡುತ್ತಿದ್ದಳು. ಈಗ ನನ್ನ ಬಾಯಿಗೆ ಒಣಗಿದ ಮಣ್ಣು ಮೆತ್ತಿತ್ತು. ಕೆರೆದ ಮೇಲೆ ದಿನವೂ ಹಾಗೇ ಒರೆಸಿಡುತ್ತಿದ್ದ ಅವನು ಆ ಶನಿವಾರ ಮರೆತಿದ್ದ.

"ಅಣ್ಣಾ, ಇದನ್ನ ಯಾರ್ ಕೆರದಾರ?"

ಫಕೀರೇಶ ನನ್ನನ್ನೇ ನೋಡುತ್ತ ನಿಂತ. "ನಾನ."

"ಎಷ್ಟ್ ದಿನದಿಂದ?"

"ಗಣೇಶನ ಹಬ್ಬ ಆದಾಗಿಂದ."

ಹಿಂಬಾಗಿಲಿನಿಂದ ಹಾಲವ್ವ, "ಆಗಿದ್ದ ಆತು, ಒಳಗ್ ಬಾರವಾ" ಎಂದಳು. ದಾಕ್ಷಾಯಣಿ ತಿರುಗಿದಳು. "ಯವ್ವಾ, ನಿನಗೂ ಗೊತ್ತಿತ್ತು?" ಹಾಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾ ಹುಚ್ಚಿ ಹಂಗ ಮಣ್ಣಿಗೆ ಬೈದೆ, ಮಳಿಗೆ ಬೈದೆ. ನಾನ ಸರಿ ಇಲ್ಲ ಅಂತ ಅತ್ತೆ. ನೀ ಬಾಜೂಕ ನಿಂತ್ ನೋಡಿದಿ!"

"ನನಗ ಅಂಜಿಕಿ ಆತು, ದಾಕ್ಷಾ. ನನ್ನಂಗ ನೀನೂ ಬಿದ್ದ್ರ..."

"ಬಿದ್ದೆನಲ್ಲ! ಅಂಜಿಕಿ ಆದ್ರ ಜಗಳಾ ಆಡಬೇಕಿತ್ತು. ನನ್ನ ಕೈಯಾಗಿನ ಸಲಿಕಿ ಕಸಗೋಬೇಕಿತ್ತು. ಕಳ್ಳನಂಗ ಕೆರಿತಾರೇನು?"

ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅವನಲ್ಲೂ ಕೆಟ್ಟತನ ಇರಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಕೆಟ್ಟವನ ಕೈಯಲ್ಲಿದ್ದೆ ಎಂದುಕೊಂಡಿದ್ದರೆ ಬೈದು ಹಗುರಾಗಬಹುದಿತ್ತು.

ಅಣ್ಣತಂಗಿಯರ ಮಾತು ನಿಂತಿತು. ದೀಪಾವಳಿ ಬಂತು, ಹುಬ್ಬಳ್ಳಿಯ ರೇಸೂ ಆಗಿಹೋಯಿತು. ಅಂದು ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೇ ಇದ್ದಳು. ದಿಬ್ಬಗಳ ಮೇಲೆ ಹುಲ್ಲು ಬಂತು. ನನಗೆ ತುಕ್ಕು ಹಿಡಿಯಿತು.

ಒಂದು ಭಾನುವಾರ ಫಕೀರೇಶ ನನ್ನನ್ನು ಎತ್ತಿಕೊಂಡು ಬಂದು ಆಚೆಯ ದಿಬ್ಬದ ನೆತ್ತಿಗೆ ಜೋರಾಗಿ ಇಳಿಸಿದ. ಸದ್ದು ಕೇಳಿ ದಾಕ್ಷಾಯಣಿ ಹೊರಗೆ ಬಂದಳು. ಎಷ್ಟೋ ದಿನಗಳ ಮೇಲೆ ಅವಳೇ ಮಾತಾಡಿಸಿದಳು.

"ಏನ್ ಮಾಡಾಕತ್ತೀ?"

"ಎಲ್ಲಾ ಸಪಾಟ ಮಾಡ್ತೀನಿ. ಬೈಕೂ ಮಾರ್ತೀನಿ."

"ಮಾರ. ನಾ ಬ್ಯಾರೆ ಕಡೆ ಹೋಗಿ ಹಾರ್ತೀನಿ. ಅಲ್ಲಿ ದಿಬ್ಬ ಯಾರ್ ಕಟ್ಟಿರ್ತಾರೋ, ಹೆಂಗ್ ಕಟ್ಟಿರ್ತಾರೋ, ನೀನೂ ನೋಡಂಗಿಲ್ಲ, ನಾನೂ ನೋಡಂಗಿಲ್ಲ."

ಅವನ ಕೈ ನಿಂತಿತು. ಯಾರೋ ಅವಸರದಲ್ಲಿ ಕಟ್ಟಿದ ದಿಬ್ಬ ಎಂಥದ್ದೆಂದು ಅವನ ಕಾಲಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಕೂತಳು. ಅವಳ ಭುಜ ಇನ್ನೂ ಮೇಲೇಳುತ್ತಿರಲಿಲ್ಲ.

"ಹಾರೂ ದಿಬ್ಬಕ್ಕ ಮಣ್ಣ ಹಾಕ" ಎಂದಳು. "ನಾ ಸಾಕು ಅನ್ನೂತನಕ."

ಅವನು ಹಾಕಿದ. ಒಂದೊಂದು ಬುಟ್ಟಿಗೂ ಅವನ ಕೈ ಬೆವರುವುದು ನನ್ನ ಕಾವಿಗೆ ತಿಳಿಯುತ್ತಿತ್ತು. "ಸಾಕಲ್ಲ?" ಎಂದರೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಕೊನೆಗೆ ಅವನು ನನ್ನನ್ನು ಎಸೆದು ಕೂಗಿದ. "ಎತ್ತರ ನೀ ಹೇಳಿದಷ್ಟ ಇರ್ಲಿ. ಆದ್ರ ನಡುವಿನ ಹಳ್ಳಾನ ಅರ್ಧ ತುಂಬ್ತೀನಿ. ಕಡಿಮಿ ಬಿದ್ರೂ ಎದಿಗೆ ಬಡೀಬಾರದು. ಇದಕ್ಕ ಒಲ್ಲೆ ಅಂದ್ರ ನಾ ಒಂದ್ ಹಿಡಿ ಮಣ್ಣೂ ಹಾಕಂಗಿಲ್ಲ!"

"ರೇಸಿನ್ಯಾಗ ಯಾರ್ ತುಂಬಿರ್ತಾರ?"

"ರೇಸಿನ್ಯಾಗಿಂದು ರೇಸಿಗೆ. ಇದು ನನ್ನ ಹಿತ್ತಲ!"

ಇಬ್ಬರೂ ಕೂಗಾಡಿದರು, ಬೇಲಿಯಾಚೆಯವರೂ ಇಣುಕಿ ನೋಡಿದರು. ಕಡೆಗೆ ಅವಳು, "ಆತು, ಅರ್ಧ ತುಂಬು. ನನಗ ರೂಢಿ ಆದ ಮ್ಯಾಲೆ ತಗದ್ ಹಾಕೂದು" ಎಂದಳು. ಹಾಲವ್ವ ಬಾಗಿಲಲ್ಲಿ ನಿಂತು, "ಇಷ್ಟ ಮೊದಲ ಜಗಳಾಡಿದ್ರ ಎಲುಬರ ಉಳೀತಿತ್ತು" ಎಂದು ಗೊಣಗಿದಳು.

ಸಂಕ್ರಾಂತಿ ಕಳೆದ ಮೇಲೆ ಅವಳು ಮತ್ತೆ ಬೈಕ್ ಹತ್ತಿದಳು. ಫಕೀರೇಶ ಆಚೆಯ ದಿಬ್ಬದ ಪಕ್ಕದಲ್ಲಿ ನನ್ನನ್ನು ಊರಿಕೊಂಡು ನಿಂತ. ಅವನ ಅಷ್ಟೂ ಭಾರ ನನ್ನ ಮೇಲಿತ್ತು. ಅವಳು ಬಂದಳು, ಏರಿದಳು, ನಮ್ಮ ತಲೆಗಿಂತ ಎತ್ತರದಲ್ಲಿ ಹಾದುಹೋಗಿ ಇಳಿಜಾರಿನಲ್ಲಿ ಇಳಿದಳು. ಧೂಳು ನಮ್ಮ ಮೇಲೆ ಬಿತ್ತು. ಬೈಕ್ ತಿರುಗಿಸಿಕೊಂಡು ಬಂದು ಹೆಲ್ಮೆಟ್ಟಿನ ಗಾಜು ಎತ್ತಿದಳು. ನಗಲಿಲ್ಲ.

"ಇಳಿಯೂ ಕಡೆ ಬಿರುಸಾತು ಅಣ್ಣಾ. ಒಂದ್ ಚೂರು ಕೆರಿ."

ಅವನು ಕೆರೆದ. ಹಾಡುಹಗಲಲ್ಲಿ, ಅವಳ ಕಣ್ಣೆದುರಿಗೆ.

ಇಲ್ಲಿಗೆ ನನ್ನ ಗೋಳು ಮುಗಿಯಿತು ಎಂದುಕೊಂಡರೆ ತಪ್ಪು. ಮುಂದಿನ ವರ್ಷ ಅವಳು ಹುಬ್ಬಳ್ಳಿಗೆ ಹೋಗಿ ಬಹಳ ಹಿಂದೆ ಉಳಿದು ಬಂದಳು, ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅದರ ಮುಂದಿನ ವರ್ಷ ಸ್ವಲ್ಪ ಮುಂದೆ ಬಂದಳು. ಪ್ರತಿ ಮಳೆಗಾಲಕ್ಕೂ ದಿಬ್ಬ ನಿಜವಾಗಿಯೇ ಕುಸಿಯಿತು, ಪ್ರತಿ ಸಲವೂ ಕಟ್ಟಿದೆವು. ಕೊನೆಗೆ ಒಂದು ದಿನ ಹಳದಿ ಜೆಸಿಬಿ ಬಂತು. ನಾವು ತಿಂಗಳುಗಟ್ಟಲೆ ಒದ್ದಾಡಿ ಕಟ್ಟಿದ್ದನ್ನು ಊಟಕ್ಕೆ ಮೊದಲೇ ಹೊಸದಾಗಿ ಎಬ್ಬಿಸಿ ಹೋಯಿತು. ಅದಕ್ಕೆ ಸುಸ್ತಿಲ್ಲ, ಸಿಟ್ಟಿಲ್ಲ, ಮುಂಜಾನೆ ಯಾರು, ಮಧ್ಯಾಹ್ನ ಯಾರು ಎಂಬ ಚಿಂತೆಯಿಲ್ಲ.

ಈಗ ನನ್ನ ಬಾಯಿ ಸವೆದು ಅಂಗೈಯಷ್ಟಾಗಿದೆ. ಹಾಲವ್ವ ಒಲೆಯ ಬೂದಿ ಎತ್ತಲು, ಕರಿಬೇವಿನ ಬುಡ ಕೆದಕಲು ನನ್ನನ್ನು ಬಳಸುತ್ತಾಳೆ. ಉಳಿದ ಹೊತ್ತು ಹಿಂಬಾಗಿಲ ಮೂಲೆಯಲ್ಲಿರುತ್ತೇನೆ. ಮನುಷ್ಯರು ಅಂಜಿಕೆಯನ್ನು ಬಾಯಿಂದ ಹೇಳಲಾರದೆ ಕೈಗೆ ಕೊಡುತ್ತಾರೆ, ಕೈ ಅದನ್ನು ನಮ್ಮಂಥವರಿಗೆ ಕೊಡುತ್ತದೆ. ನಮಗೆ ಅದನ್ನು ಇಳಿಸಲು ಜಾಗವೇ ಇಲ್ಲ.

ದಾಕ್ಷಾಯಣಿ ದೂರದ ಊರುಗಳಿಗೆ ರೇಸಿಗೆ ಹೋದ ದಿನ ಫಕೀರೇಶ ಗ್ಯಾರೇಜಿನ ಬಾಗಿಲು ಹಾಕಿ ಹಿತ್ತಲಿಗೆ ಬರುತ್ತಾನೆ. ನನ್ನನ್ನು ಕೈಗೆತ್ತಿಕೊಳ್ಳುತ್ತಾನೆ. ಅಗೆಯುವುದಿಲ್ಲ, ಕೆರೆಯುವುದಿಲ್ಲ, ಕಾವು ಹಿಡಿದು ದಿಬ್ಬದ ಎದುರು ನಿಂತಿರುತ್ತಾನೆ, ಅಷ್ಟೆ. ಅವನ ಅಂಗೈ ಒದ್ದೆಯಾಗುತ್ತದೆ. ಆಮೇಲೆ ಅಂಗಿಯ ಜೇಬಿನಲ್ಲಿ ಫೋನು ರಿಂಗಾಗುತ್ತದೆ. ಆ ಕಡೆಯಿಂದ ಗದ್ದಲದ ನಡುವೆ ಅವಳ ದನಿ ನನಗೂ ಕೇಳುತ್ತದೆ.

"ಅಣ್ಣಾ, ಮುಗೀತು. ಇಳದ್ನಿ."

ಅವನು ನನ್ನನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಊಟಕ್ಕೆ ಒಳಗೆ ಹೋಗುತ್ತಾನೆ.